ಬಿಷಪ್ ಪಟ್ಟ ಯಾರಿಗೆ

ನಮ್ಮ ಮನೆಯಲ್ಲಿ ಆ ವರ್ಷ ಎದ್ದ ದೊಡ್ಡ ಜಗಳ ಶುರುವಾದದ್ದು ಒಂದು ಚರ್ಚಿನ ವಿಷಯಕ್ಕೆ. ಆ ಚರ್ಚು ಇದ್ದದ್ದು ತಮ್ಮನ ಲ್ಯಾಪ್‌ಟಾಪಿನೊಳಗೆ, ಸಾವಿರ ವರ್ಷ ಹಿಂದಿನ ಯುರೋಪಿನ ಯಾವುದೋ ಮೂಲೆಯ ಪ್ರಾಂತ್ಯದಲ್ಲಿ. ಜಗಳ ಆದದ್ದು ಆಲ್ದೂರಿನ ಹತ್ತಿರದ ನಮ್ಮ ಎಸ್ಟೇಟಿನ ಮನೆಯಲ್ಲಿ, ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ.

ನಾವು ಮೂವರು. ಅಣ್ಣ ಎಲ್ಲರಿಗಿಂತ ತುಂಬಾ ದೊಡ್ಡವನು. ಅಪ್ಪ, ಅಮ್ಮ ಇಬ್ಬರೂ ಬೇಗ ಹೋದ್ದರಿಂದ ತೋಟವನ್ನೂ ನಮ್ಮಿಬ್ಬರನ್ನೂ ಅವನೇ ನೋಡಿಕೊಂಡ. ಅತ್ತಿಗೆ ಮದುವೆಯಾಗಿ ಬಂದಾಗ ತಮ್ಮ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ನಾನು ಈಗ ಚಿಕ್ಕಮಗಳೂರಿನ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ತವರಿಗೆ ಬಂದು, ಸಂಜೆ ವಾಪಸು ಹೋಗುವುದು ನನ್ನ ರೂಢಿ. ತಮ್ಮ ಆಲ್ದೂರು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಬಾಳೆಹೊನ್ನೂರು, ಕಳಸ, ಮೂಡಿಗೆರೆಯ ಅಂಗಡಿಗಳಿಂದಲೂ ಅವನನ್ನು ಕರೆಯುತ್ತಿದ್ದರು.

ತಮ್ಮನಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಮಾತ್ರೆ ತಪ್ಪದೆ ತೆಗೆದುಕೊಂಡರೆ ವರ್ಷಗಟ್ಟಲೆ ಏನೂ ಇಲ್ಲ. ಆ ಸಲ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಅವನು ಕೆಲವು ಹೊತ್ತಿನ ಮಾತ್ರೆ ಬಿಟ್ಟ. ಒಂದು ಬೆಳಿಗ್ಗೆ ಕಣದಲ್ಲಿ, ಒಣಗಲು ಹಾಕಿದ್ದ ಕಾಫಿಯ ಮೇಲೆಯೇ ಬಿದ್ದ. ಡಾಕ್ಟರು, ಇನ್ನು ನಾವು ಹೇಳುವ ತನಕ ಬೈಕ್ ಮುಟ್ಟಬಾರದು ಎಂದರು. ಅಣ್ಣ ಬೈಕನ್ನು ಶೆಡ್ಡಿಗೆ ಹಾಕಿ, ಕೀಲಿಯನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡ. ತಮ್ಮ ಬಸ್ಸಿನಲ್ಲಿ ಅಂಗಡಿಗೆ ಹೋಗಿಬರತೊಡಗಿದ. ಎಲ್ಲಿಗೂ ಹೋಗಲಾಗದ ಭಾನುವಾರಗಳಲ್ಲಿ ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಈ ರಾಜ್ಯ ಕಟ್ಟುವ ಆಟ ಆಡುತ್ತಿದ್ದ.

ಅಣ್ಣ ಮೊದಮೊದಲು ಆ ಕಡೆ ನೋಡುತ್ತಲೂ ಇರಲಿಲ್ಲ. ಮೊಬೈಲಿನಲ್ಲಿ ಅವನು ನೋಡುವುದು ಕಾಫಿ ರೇಟು ಮತ್ತು ಮಳೆಯ ಸುದ್ದಿ ಮಾತ್ರ. ಒಂದು ದಿನ ಎಲೆಯಡಿಕೆ ಹಾಕಿಕೊಳ್ಳುತ್ತ ತಮ್ಮನ ಬೆನ್ನ ಹಿಂದೆ ನಿಂತವನು ಇದ್ದಕ್ಕಿದ್ದಂತೆ ಕೇಳಿದ:

"ಅಲ್ಲ, ಅವ್ನಿಗ್ಯಾಕೆ ಪಟ್ಟಣ ಕೊಟ್ಟೆ? ಮುಖ ನೋಡಿದ್ರೇ ಗೊತ್ತಾಗಲ್ವಾ, ಕಳ್ಳ."

"ಮುಖದಲ್ಲಿ ಏನೂ ಇಲ್ಲ ಅಣ್ಣ. ಕೆಳಗೆ ಬರ್ದಿದೆ ನೋಡು ಅವ್ನ ಗುಣ."

"ಓದು ಮತ್ತೆ."

ದುರಾಸೆಯವನು ಎಂದು ಬರೆದಿತ್ತು. ಅಣ್ಣ ಗೆದ್ದವನಂತೆ ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಪ್ರತಿ ಭಾನುವಾರ ಅವನೇ ನಮ್ಮ ರಾಜ. ತಮ್ಮ ಮೌಸ್ ಹಿಡಿಯುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಬಂದದ್ದನ್ನು ಓದಿ ಹೇಳುತ್ತಿದ್ದೆ, ಅಣ್ಣ ತೀರ್ಮಾನ ಕೊಡುತ್ತಿದ್ದ.

ಆಟದಲ್ಲಿ ಯುದ್ಧ ಇದ್ದೇ ಇದೆ, ಆದರೆ ಅಣ್ಣನನ್ನು ಹಿಡಿದು ಕೂರಿಸಿದ್ದು ಯುದ್ಧ ಮುಗಿದ ಮೇಲಿನ ಕೆಲಸ. ಒಂದು ಪ್ರಾಂತ್ಯ ಗೆದ್ದರೆ ಅದರೊಳಗೆ ಒಂದು ಕೋಟೆ, ಒಂದು ಪಟ್ಟಣ, ಒಂದು ಚರ್ಚು ಸಿಗುತ್ತದೆ. ಎಲ್ಲವನ್ನೂ ರಾಜನೇ ಇಟ್ಟುಕೊಂಡರೆ ಆಳಲು ಆಗುವುದಿಲ್ಲ, ಇರುವ ಸಾಮಂತರೂ ಮುನಿಸಿಕೊಳ್ಳುತ್ತಾರೆ. ಆದ್ದರಿಂದ ಒಂದೊಂದಕ್ಕೂ ಒಬ್ಬೊಬ್ಬನನ್ನು ಹುಡುಕಿ ಪಟ್ಟ ಕಟ್ಟಬೇಕು. ಕೋಟೆ ಪಡೆದವನಿಗೆ ವಂಶ ಇರುತ್ತದೆ, ಮಗ ಮೊಮ್ಮಗ ಆಳುತ್ತಾರೆ, ಯಾವತ್ತೋ ಒಂದು ದಿನ ತಿರುಗಿ ಬೀಳುತ್ತಾರೆ. ಪಟ್ಟಣ ಪಡೆದವನು ವರ್ತಕರ ಮುಖಂಡನಾಗುತ್ತಾನೆ, ಒಳ್ಳೆಯ ತೆರಿಗೆ ಕೊಡುತ್ತಾನೆ, ಅವನು ಸತ್ತರೆ ಪಟ್ಟಣ ಅವನ ಮಗನಿಗೇ ಹೋಗಬೇಕೆಂದೇನಿಲ್ಲ. ಚರ್ಚು ಪಡೆದವನು ಬಿಷಪ್ ಆಗುತ್ತಾನೆ. ಅವನಿಗೆ ರಾಜನ ಮೇಲೆ ಪ್ರೀತಿ ಜಾಸ್ತಿಯಿದ್ದರೆ ತೆರಿಗೆ ರಾಜನಿಗೆ, ಪೋಪನ ಮೇಲೆ ಜಾಸ್ತಿಯಿದ್ದರೆ ಅದೆಲ್ಲ ರೋಮಿಗೆ.

ಅಣ್ಣ ಇದನ್ನೆಲ್ಲ ತೋಟದ ಕೆಲಸಕ್ಕೆ ಮೇಸ್ತ್ರಿಯನ್ನು ಆರಿಸುವಷ್ಟೇ ಗಂಭೀರವಾಗಿ ಮಾಡುತ್ತಿದ್ದ. ಆಸ್ಥಾನದಲ್ಲಿದ್ದ ಒಬ್ಬೊಬ್ಬರನ್ನೂ ಕರೆಸಿ ನೋಡಿದಂತೆ ನೋಡುವನು. ತೃಪ್ತ ಸ್ವಭಾವದವರು ಅವನಿಗೆ ಇಷ್ಟ, ಮೇಲೇರುವ ಆಸೆಯವರನ್ನು ದೂರ ಇಡುತ್ತಿದ್ದ. ಒಮ್ಮೆ ತುಂಬಾ ಓದಿಕೊಂಡ ಪಾದ್ರಿಯೊಬ್ಬನಿಗೆ ಚರ್ಚು ಕೊಟ್ಟು, ಅವನು ಒಂದು ಬಿಡಿಗಾಸೂ ನಮಗೆ ಕೊಡದೆ ಪೋಪನಿಗೆ ಕಳಿಸಿದಾಗ, ಅಣ್ಣ ವಾರವಿಡೀ ಫೋನಿನಲ್ಲಿ ನನ್ನ ಹತ್ತಿರ ಅದನ್ನೇ ಹೇಳಿದ. "ಓದಿದೋರನ್ನ ನಂಬ್ಬಾರ್ದು ಮಾರಾಯ್ತಿ," ಎಂದ. ನಾನೂ ಓದಿದವಳೇ ಎಂದು ನೆನಪಿಸಿದೆ. ಅತ್ತಿಗೆ ಫೋನಿನ ಆ ಕಡೆ ನಗುವುದು ಕೇಳಿಸಿತು.

ಆ ಫೆಬ್ರವರಿಯಲ್ಲಿ ಮನೆಯಲ್ಲಿ ನಗು ಕಡಿಮೆಯಾಗುತ್ತ ಬಂತು. ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ. ಕೆರೆಯ ನೀರು ಸ್ಪ್ರಿಂಕ್ಲರಿಗೆ ಸಾಕಾಗುವಷ್ಟು ಇದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಅಣ್ಣ ಸಣ್ಣ ಮಾತಿಗೂ ರೇಗುತ್ತಿದ್ದ. ಅದರ ನಡುವೆ ಒಂದು ದಿನ ಮೂಡಿಗೆರೆ ಕಡೆಯ ನೆಂಟರೊಬ್ಬರು ಬಂದು, ತಮ್ಮನಿಗೆ ಹೆಣ್ಣು ನೋಡುವುದಿಲ್ಲವೇ ಎಂದು ಕೇಳಿದರು. ಅಣ್ಣ, "ಅವ್ನಿಗೆ ಆ ಯೋಚ್ನೆ ಇಲ್ಲ, ಹೀಗೇ ಆರಾಮಾಗಿದಾನೆ," ಎಂದುಬಿಟ್ಟ. ತಮ್ಮ ಒಳಗಿನ ಕೋಣೆಯಲ್ಲಿದ್ದ. ನೆಂಟರು ಹೋದ ಮೇಲೂ ಹೊರಗೆ ಬರಲಿಲ್ಲ. ಇದನ್ನು ನನಗೆ ಹೇಳಿದ್ದು ಅತ್ತಿಗೆ.

ಜಗಳದ ಆ ಭಾನುವಾರ ನಾನು ಬಂದಾಗ ಬೆಳಗಿನಿಂದಲೇ ಸ್ಪ್ರಿಂಕ್ಲರ್ ಹಾಕಿದ್ದರು. ತಮ್ಮ ಕತ್ತಲಿರುವಾಗಲೇ ಎದ್ದು ಪಂಪಿನ ಹತ್ತಿರ ಹೋಗಿ, ಊಟದ ಹೊತ್ತಿಗೆ ಕೆಸರು ಕಾಲಿನಲ್ಲಿ ಬಂದ. ಊಟವಾದ ಮೇಲೆ ಅಣ್ಣನೇ, "ತಗೊಂಡು ಬಾ ನಿನ್ನ ರಾಜ್ಯ," ಎಂದ. ಮನಸ್ಸು ಸ್ವಲ್ಪ ಹಗುರಾಗಲಿ ಎಂದು ಅವನು ಹೇಳಿದ್ದು ಎಂದೇ ನಾನು ತಿಳಿದಿದ್ದೇನೆ.

ಹಿಂದಿನ ವಾರ ನಾವು ಒಂದು ಹೊಸ ಪ್ರಾಂತ್ಯ ಗೆದ್ದಿದ್ದೆವು. ಕೋಟೆಯನ್ನು ಅಣ್ಣ ರಾಜನ ಹೆಸರಿಗೇ ಇಟ್ಟುಕೊಂಡ. ಪಟ್ಟಣಕ್ಕೆ ಯಾರು ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಕುಂಟುಕಾಲಿನ, ಲೆಕ್ಕದಲ್ಲಿ ಜಾಣನಾದ, ಹೇಳಿಕೊಳ್ಳುವಂಥ ಮನೆತನವಿಲ್ಲದ ಒಬ್ಬನಿದ್ದ. ಅಣ್ಣನಿಗೆ ಅವನು ಒಪ್ಪಿಗೆಯಾದ. ಉಳಿದದ್ದು ಚರ್ಚು.

ನಮ್ಮ ರಾಜನಿಗೆ ಒಬ್ಬ ತಮ್ಮನಿದ್ದ. ಆಸ್ಥಾನದಲ್ಲೇ ಇದ್ದ, ಯಾವ ಪಟ್ಟವೂ ಇರಲಿಲ್ಲ. ಒಳ್ಳೆಯ ಗುಣಗಳೇ, ಆದರೆ ಅವನ ಹೆಸರಿನ ಕೆಳಗೆ ರೋಗಿಷ್ಠ ಎಂಬ ಗುರುತಿತ್ತು. ಅವನಿಗೊಂದು ಹೆಣ್ಣು ಗೊತ್ತುಮಾಡಬೇಕು, ಚಿಕ್ಕದೊಂದು ಕೋಟೆ ಕೊಡಬೇಕು ಎಂದು ತಮ್ಮ ಎರಡು ಮೂರು ಭಾನುವಾರದಿಂದ ಹೇಳುತ್ತಿದ್ದ. ಅಣ್ಣ ನೋಡೋಣ ನೋಡೋಣ ಎನ್ನುತ್ತಿದ್ದ.

"ಈ ರಾಜನ ತಮ್ಮನಿಗೇ ಕೊಡು ಚರ್ಚು," ಎಂದ ಅಣ್ಣ.

ತಮ್ಮ ತಿರುಗಿ ನೋಡಿದ. "ಅವ್ನಿಗಾ?"

"ಹೂಂ. ಹೆಂಗಿದ್ರೂ ಹುಷಾರಿಲ್ಲದೋನು. ಬಿಷಪ್ ಆದ್ರೆ ಮದ್ವೆ ಇಲ್ಲ, ಮಕ್ಕಳಿಲ್ಲ, ನಾಳೆ ಪಾಲು ಗೀಲು ಅಂತ ತಕರಾರಿಲ್ಲ. ರಾಜನ ಮೇಲೆ ಪ್ರೀತಿನೂ ಇದೆ, ತೆರಿಗೆ ನಮಗೇ ಬರುತ್ತೆ. ಅವನಿಗೂ ಒಂದು ಮರ್ಯಾದೆ ಆಯ್ತು."

ಆಟದ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನ. ಆದರೂ ನನಗೆ ಮೂಡಿಗೆರೆಯ ನೆಂಟರ ನೆನಪಾಯಿತು. "ಬೇಡ ಅಣ್ಣ, ಬೇರೆ ಪಾದ್ರಿಗಳಿದಾರಲ್ಲ," ಎಂದೆ. ಅಣ್ಣನಿಗೆ ನನ್ನ ದನಿಯಲ್ಲಿದ್ದದ್ದು ತಿಳಿಯಲಿಲ್ಲ. "ಇದಕ್ಕಿಂತ ಒಳ್ಳೆ ಜನ ಎಲ್ಲಿ ಸಿಕ್ತಾನೆ?" ಎಂದ.

"ಅವ್ನನ್ನ ಕೇಳಿದ್ಯಾ?" ಎಂದ ತಮ್ಮ.

"ಯಾರನ್ನ?"

"ಅವ್ನನ್ನ. ಮದ್ವೆ ಬೇಡ್ವಾ ಅಂತ."

"ಎಂತ ಕೇಳೋದು? ಆಟ ಮಾರಾಯ."

ತಮ್ಮ ಪರದೆಯ ಕಡೆ ತಿರುಗಿದ. ಪಟ್ಟ ಕೊಡುವ ಗುಂಡಿ ಒತ್ತಿದ. ರಾಜಕುಮಾರನ ಚಿತ್ರದ ಮೇಲೆ ಬಿಷಪ್ಪನ ಟೋಪಿ ಬಂತು. ಸಿಂಹಾಸನದ ಹಕ್ಕುದಾರರ ಸಾಲಿನಿಂದ ಅವನ ಮುಖ ಮಾಯವಾಯಿತು. ತಮ್ಮ ಲ್ಯಾಪ್‌ಟಾಪನ್ನು ಅಣ್ಣನ ಕಡೆ ತಿರುಗಿಸಿದ.

"ನೋಡು. ಇನ್ನು ಅವ್ನಿಗೆ ಯಾರೂ ಇಲ್ಲ. ಊಟ ಹಾಕ್ತೀಯ, ಮರ್ಯಾದೆ ಕೊಡ್ತೀಯ. ಸಾಯೋವರೆಗೆ ನಿನ್ನ ಪ್ರೀತಿ ಮಾಡ್ಕೊಂಡು ಬಿದ್ದಿರ್ಬೇಕು. ನಂಗೂ ಇದೇ ಅಲ್ವಾ ನೀನು ಮಾಡಿರೋದು?"

ಅಣ್ಣನ ಮುಖ ಕಪ್ಪಿಟ್ಟಿತು. "ಏನು ಮಾತಾಡ್ತಾ ಇದೀಯ?"

"ಮೂಡಿಗೆರೆಯೋರಿಗೆ ಹೇಳಿದ್ಯಲ್ಲ, ಅವ್ನಿಗೆ ಆ ಯೋಚ್ನೆ ಇಲ್ಲ ಅಂತ. ಯಾವಾಗ ಕೇಳಿದ್ದೆ ನನ್ನ?"

"ನಿನ್ನ ಒಳ್ಳೇದಕ್ಕೇ ಹೇಳಿದ್ದು. ಕಟ್ಕೊಂಡು ಬಂದೋಳ ಮುಂದೆ ಒಂದಿನ ಬಿದ್ರೆ? ಯಾರ ಮನೆ ಹೆಣ್ಣು ತಡ್ಕೋತಾಳೆ ಅದನ್ನ?"

ಅಣ್ಣ ಹಾಗೆ ಹೇಳಬಾರದಿತ್ತು. ಹೇಳಿದ ಮರುಕ್ಷಣವೇ ಅವನಿಗೂ ಅದು ಗೊತ್ತಾಯಿತು, ತುಟಿ ಕಚ್ಚಿಕೊಂಡ. ತಮ್ಮ ಎದ್ದು ಸೀದಾ ಅಣ್ಣನ ಕೋಣೆಗೆ ಹೋದ. ನಮಗೆ ಏನೆಂದು ಅರ್ಥವಾಗುವಷ್ಟರಲ್ಲಿ ಶೆಡ್ಡಿನಿಂದ ಬೈಕಿನ ಸದ್ದು ಕೇಳಿಸಿತು. ಅಣ್ಣ ಅಂಗಳಕ್ಕೆ ಓಡಿದ. ನಾನು ಹಿಂದೆಯೇ ಓಡಿದೆ. ಗೇಟಿನ ಹತ್ತಿರ ಧೂಳು ಮಾತ್ರ ಎದ್ದಿತ್ತು.

"ಪೇಟೆಗೆ ಹೋಗಿರ್ತಾನೆ. ಸಿಟ್ಟು ಇಳಿದ ಮೇಲೆ ಬರ್ತಾನೆ," ಎಂದೆ ನಾನು. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದರು. ಕೈಯಲ್ಲಿ ತಮ್ಮನ ಮಾತ್ರೆ ಡಬ್ಬಿ ಇತ್ತು.

"ಬೆಳಗಿನ ಮಾತ್ರೆ ಹಾಗೇ ಇದೆ," ಎಂದರು. "ಪಂಪಿಗೆ ಓಡಿದ್ನಲ್ಲ, ತಗೊಂಡೇ ಇಲ್ಲ."

ಅಣ್ಣ ಜೀಪಿನ ಕಡೆ ನಡೆದ. ನಾನು ಡಬ್ಬಿ ಇಸಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

ದಾರಿಯ ಒಳರಸ್ತೆಗಳನ್ನೆಲ್ಲ ಹುಡುಕಿ ಆಲ್ದೂರು ತಲುಪುವಷ್ಟರಲ್ಲಿ ಗಂಟೆಯ ಮೇಲಾಗಿತ್ತು. ಅವನ ಅಂಗಡಿಯ ಬಾಗಿಲು ಮುಚ್ಚಿತ್ತು. ಎದುರಿನ ಬೇಕರಿಯವರು, ಆಗಲೇ ಬಾಳೆಹೊನ್ನೂರು ಕಡೆ ಹೋದ, ಜೋರಾಗಿ ಹೋದ ಎಂದರು. ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಕಳಸಕ್ಕೆ ಹೋಗಿರ್ತಾನೆ," ಎಂದರು ಅತ್ತಿಗೆ. "ಅಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಹುಡುಗಿ ಇದಾಳೆ. ನಿಮಗೆ ಹೇಳ್ಬೇಡಿ ಅಂದಿದ್ದ."

ಅಣ್ಣ ಮುಂದಿನ ರಸ್ತೆಯನ್ನೇ ನೋಡುತ್ತ ಕೇಳಿದ, "ಎಷ್ಟು ದಿನದಿಂದ?"

"ವರ್ಷದ ಮೇಲಾಯ್ತು. ಈಗ ಅದೆಲ್ಲ ಬೇಡ. ಮೊದ್ಲು ಹುಡುಕಿ."

ಬಾಳೆಹೊನ್ನೂರು ದಾಟಿ ಮಾಗುಂಡಿ ಕಡೆ ಹೋಗುವ ರಸ್ತೆ ತಿರುವು ಮುರುವಿನದು. ಕೆಲವು ಕಡೆ ಭದ್ರೆ ರಸ್ತೆಯ ಬದಿಗೇ ಬಂದು ಬಿಡುತ್ತಾಳೆ. ನೀರು ಹಾಯಿಸಿದ ತೋಟಗಳಲ್ಲಿ ರೊಬಸ್ಟಾ ಹೂಬಿಟ್ಟಿತ್ತು. ಗಿಡಗಳ ಮೇಲೆಲ್ಲ ಬಿಳಿ, ಜೀಪಿನೊಳಗೆಲ್ಲ ಅದರ ಘಾಟು ಪರಿಮಳ. ಬೇರೆ ದಿನವಾಗಿದ್ದರೆ ಯಾರ ತೋಟದ ಹೂ ಹೇಗೆ ಬಂದಿದೆ ಎಂದು ಅಣ್ಣ ಎಣಿಸುತ್ತ ಹೋಗುತ್ತಿದ್ದ. ಅವತ್ತು ಪ್ರತಿ ತಿರುವಿನಲ್ಲೂ ಅವನು ರಸ್ತೆಯ ಅಂಚನ್ನು ನೋಡುತ್ತಿದ್ದ. ನಾನು ಚರಂಡಿ ನೋಡುತ್ತಿದ್ದೆ. ಇಬ್ಬರೂ ಏನು ಹುಡುಕುತ್ತಿದ್ದೇವೆಂದು ಬಾಯಿಬಿಟ್ಟು ಹೇಳಲಿಲ್ಲ.

ಒಂದು ಮೋರಿಯ ಹತ್ತಿರ ಜನ ಸೇರಿದ್ದರು. ಕೆಂಪು ಬೈಕೊಂದು ಚರಂಡಿಯಲ್ಲಿ ಮಗುಚಿ ಬಿದ್ದಿತ್ತು. ತಮ್ಮನದೂ ಕೆಂಪು ಬೈಕು. ಅಣ್ಣ ಜೀಪು ನಿಲ್ಲಿಸಿದ, ಆದರೆ ಇಳಿಯಲಿಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, "ನೀನು ನೋಡು," ಎಂದ. ನಾನು ಇಳಿದು ಜನರನ್ನು ಸರಿಸಿ ನೋಡಿದೆ. ಪ್ರವಾಸಕ್ಕೆ ಬಂದ ಇಬ್ಬರು ಹುಡುಗರು, ಒಬ್ಬನ ಮೊಣಕೈ ಕೆತ್ತಿಹೋಗಿತ್ತು, ನೀರು ಕುಡಿಯುತ್ತ ಕೂತಿದ್ದರು. ನಾನು ಜೀಪಿನ ಕಡೆ ತಿರುಗಿ ಅಲ್ಲ ಎಂದು ಕೈಯಾಡಿಸಿದೆ. ಅಣ್ಣ ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡ.

ಮತ್ತೆ ಹೊರಟಾಗ ಅವನು ತಾನಾಗಿಯೇ ಮಾತಾಡಿದ.

"ಅವ್ನಿಗೆ ಮೊದಲ್ನೇ ಸಲ ಬಂದಾಗ ನೀನು ಶಾಲೆಗೆ ಹೋಗಿದ್ದೆ. ನಾನೂ ಅವನೂ ಕೆರೆ ಏರಿ ಮೇಲೆ ಇದ್ವಿ. ಮಾತಾಡ್ತಾ ಮಾತಾಡ್ತಾ ಬಿದ್ದ. ಸತ್ತೇ ಹೋದ ಅಂದ್ಕೊಂಡೆ. ಆವತ್ತಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಕಣೆ. ಅವ್ನ ಕೋಣೇಲಿ ಒಂದು ಚೊಂಬು ಬಿದ್ರೂ ಎದ್ದು ಕೂರ್ತೀನಿ. ಅವ್ನಿಗೆ ಮದ್ವೆ ಬೇಡ ಅಂತ ನಾನು ಹೇಳಿದ್ದಲ್ಲ. ಇನ್ನೊಬ್ರು ಇದನ್ನೆಲ್ಲ ಮಾಡ್ತಾರೆ ಅಂತ ನಂಗೆ ನಂಬ್ಕೆ ಇರ್ಲಿಲ್ಲ."

ನಾನು ಅವನ ತೋಳಿನ ಮೇಲೆ ಕೈಯಿಟ್ಟೆ. ಅಣ್ಣ ಗೇರು ಬದಲಿಸಲು ನನ್ನ ಕೈ ಸರಿಸಿದ.

ಮಾಗುಂಡಿ ದಾಟಿ ಸ್ವಲ್ಪ ಮುಂದೆ ನಮಗೆ ಬೈಕು ಸಿಕ್ಕಿತು. ಬಿದ್ದಿರಲಿಲ್ಲ. ರಸ್ತೆಯ ಬದಿಯಲ್ಲಿ, ಹೊಳೆಯ ಕಡೆಗೆ ಇಳಿಜಾರಾಗುವ ಜಾಗದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿತ್ತು. ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿತ್ತು. ಸುತ್ತ ಒಂದು ನರಪಿಳ್ಳೆಯೂ ಇಲ್ಲ.

ಅಣ್ಣ ಈ ಸಲ ನನಗಿಂತ ಮೊದಲು ಇಳಿದ. ತಮ್ಮನ ಹೆಸರು ಹಿಡಿದು ಕೂಗುತ್ತ ಇಳಿಜಾರಿನಲ್ಲಿ ಜಾರಿಕೊಂಡೇ ಇಳಿದ. ಹಿಡಿತ ತಪ್ಪಿದವನ ಹಾಗೆ ಪೊದೆ ಹಿಡಿಯುವನು, ಬಿಡುವನು. ನಾನು ಮೇಲಿನಿಂದ ನೋಡುತ್ತಿದ್ದೆ. ಕೆಳಗೆ ಬಂಡೆಗಳ ನಡುವೆ ನೀರು ತೆಳ್ಳಗೆ ಹರಿಯುತ್ತಿತ್ತು. ಒಂದು ಬಂಡೆಯ ಹಿಂದೆ ನೀಲಿ ಬಣ್ಣದ್ದೇನೋ ಕಂಡಿತು. ತಮ್ಮ ನೀಲಿ ಅಂಗಿ ಹಾಕಿದ್ದ. ಅಣ್ಣನಿಗೆ ಬೆರಳು ತೋರಿಸಿದೆ. ಅಣ್ಣ ನೀರಿಗೇ ಇಳಿದು, ಮೊಣಕಾಲುದ್ದ ನೀರಿನಲ್ಲಿ ಬಂಡೆ ಸುತ್ತಿ ಹೋದ. ಅದು ಯಾರೋ ಎಸೆದ ಪ್ಲಾಸ್ಟಿಕ್ ಚೀಲ. ಅದನ್ನು ಎತ್ತಿ ನನಗೆ ತೋರಿಸಿ, ಅಲ್ಲೇ ಬಂಡೆಯ ಮೇಲೆ ಕುಸಿದು ಕೂತ.

ಅದೇ ಹೊತ್ತಿಗೆ ನನ್ನ ಫೋನಿಗೆ ಅದೆಲ್ಲಿಂದಲೋ ನೆಟ್‌ವರ್ಕ್ ಬಂದು, ಅತ್ತಿಗೆಯ ಮೆಸೇಜುಗಳು ಒಂದರ ಹಿಂದೊಂದು ಬಿದ್ದವು. ಕಳಸದಲ್ಲಿದ್ದಾನೆ. ಆ ಹುಡುಗಿ ಫೋನ್ ಮಾಡಿದ್ದಳು. ಮಲಗಿದ್ದಾನೆ. ನಿಧಾನಕ್ಕೆ ಹೋಗಿ.

ಮೆಡಿಕಲ್ ಶಾಪು ಕಳಸದ ಬಸ್ ಸ್ಟ್ಯಾಂಡಿನ ಹತ್ತಿರದ ಬೀದಿಯಲ್ಲಿತ್ತು. ಭಾನುವಾರವಾದ್ದರಿಂದ ಶಟರು ಅರ್ಧ ಎಳೆದಿತ್ತು. ನಾವು ಬಗ್ಗಿ ಒಳಗೆ ಹೋದೆವು. ಕೌಂಟರಿನ ಹಿಂದಿನಿಂದ ಒಬ್ಬಳು ಎದ್ದು ಬಂದಳು. ತಮ್ಮನ ವಯಸ್ಸಿನವಳು, ಗಿಡ್ಡನೆಯ ಮೈಕಟ್ಟು, ಕೂದಲನ್ನು ಎತ್ತಿ ಕ್ಲಿಪ್ ಹಾಕಿದ್ದಳು. ಅಣ್ಣನ ಒದ್ದೆ ಪಂಚೆಯನ್ನು ನೋಡಿ ಒಂದು ಕ್ಷಣ ನಿಂತಳು.

"ಮಾಗುಂಡಿ ಹತ್ರ ಬಾಯಲ್ಲಿ ಕಬ್ಬಿಣದ ರುಚಿ ಬಂತಂತೆ ಸರ್," ಎಂದಳು. "ಫಿಟ್ಸ್ ಬರೋ ಮುಂಚೆ ಅವ್ರಿಗೆ ಹಂಗಾಗುತ್ತೆ. ತಕ್ಷಣ ಬೈಕ್ ನಿಲ್ಸಿ ನಂಗೆ ಫೋನ್ ಮಾಡಿದ್ರು. ಆಟೋ ತಗೊಂಡು ಹೋದೆ. ಇಲ್ಲಿಗೆ ಬಂದ ಮೇಲೆ ಒಂದ್ಸಲ ಬಂತು, ಜಾಸ್ತಿ ಹೊತ್ತು ಇರ್ಲಿಲ್ಲ. ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದೀನಿ. ಮಾತ್ರೆನೂ ಆಯ್ತು. ಈಗ ನಿದ್ದೆ."

ಒಳಗಿನ ಸಣ್ಣ ಕೋಣೆಯಲ್ಲಿ ಔಷಧಿ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿ ಅವನನ್ನು ಒಂದು ಪಕ್ಕಕ್ಕೆ ಮಲಗಿಸಿದ್ದಳು. ತಲೆಯ ಕೆಳಗೆ ಅವಳ ಸ್ವೆಟರು. ಕೆನ್ನೆಯ ಮೇಲೆ ಒಣಗಿದ ಜೊಲ್ಲನ್ನು ಒರೆಸಿದ ಗುರುತು. ಅಣ್ಣ ಬಾಗಿಲಲ್ಲೇ ನಿಂತು ಅವನ ಉಸಿರು ಏರಿ ಇಳಿಯುವುದನ್ನು ನೋಡಿದ.

"ಇವ್ನನ್ನ ಕರ್ಕೊಂಡು ಹೋಗ್ತೀವಿ," ಎಂದ.

"ಎದ್ದ ಮೇಲೆ ಅವ್ರನ್ನ ಕೇಳಿ ಸರ್."

ಮೆತ್ತಗೇ ಹೇಳಿದಳು. ಅಣ್ಣ ಕೌಂಟರಿನ ಹತ್ತಿರದ ಸ್ಟೂಲಿನ ಮೇಲೆ ಕೂತ. ಪಂಚೆಯಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಯಿತು. ಅವಳು ನಮಗೆ ಎದುರಿನ ಹೋಟೆಲಿನಿಂದ ಕಾಫಿ ತರಿಸಿದಳು. ಕಾಫಿ ಮುಗಿಸಿ ಅಣ್ಣ ಕೇಳಿದ.

"ನಿಮ್ಮದು ಇಲ್ಲೇನಾ?"

"ಇಲ್ಲೇ ಹತ್ರ. ಅಪ್ಪ ಅಮ್ಮ ಎಸ್ಟೇಟಿನಲ್ಲೇ ಕೆಲ್ಸ ಮಾಡಿದೋರು. ಈಗಲೂ ಕೂಲಿಯವರ ಲೈನ್ ಮನೇಲೇ ಇದೀವಿ."

ಅಣ್ಣ ತಲೆಯಾಡಿಸಿದ. ಅವನ ಮನಸ್ಸಿನಲ್ಲಿ ಏನೇನು ಏಳುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಅವಳಿಗೂ ತಿಳಿದಿರಬೇಕು, ಆದರೆ ಅವಳು ಮುಖ ತಗ್ಗಿಸಲಿಲ್ಲ.

"ಇವ್ನಿಗೆ ಹೀಗಿದೆ ಅಂತ ಯಾವಾಗ ಗೊತ್ತಾಯ್ತು?"

"ಮೊದ್ಲು ಗೊತ್ತಾಗಿದ್ದೇ ಅದು ಸರ್," ಎಂದು ಸಣ್ಣಗೆ ನಕ್ಕಳು. "ಆಲ್ದೂರಲ್ಲಿ ಎಲ್ರೂ ಪರಿಚಯದೋರು ಅಂತ ಮಾತ್ರೆಗೆ ಇಲ್ಲಿಗೆ ಬರ್ತಿದ್ರು. ಹೆಸರು ಗೊತ್ತಾಗಿದ್ದು ಆಮೇಲೆ."

ತಮ್ಮ ಎದ್ದಾಗ ಬಿಸಿಲು ಇಳಿಯುತ್ತಿತ್ತು. ಕಣ್ಣು ಬಿಟ್ಟು ಅಣ್ಣನನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡ. ಅಣ್ಣ ಹೋಗಿ ಚಾಪೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಹೇಳು. ಏನು ಮಾಡ್ಬೇಕು ಅಂತಿದೀಯ?"

ನಾಲಿಗೆ ಇನ್ನೂ ದಪ್ಪವಾಗಿತ್ತು, ಮಾತು ನಿಧಾನಕ್ಕೆ ಬಂತು. "ಇವ್ಳನ್ನ ಮದ್ವೆ ಆಗ್ತೀನಿ ಅಣ್ಣ. ಕೇಳ್ತಾ ಇಲ್ಲ. ಹೇಳ್ತಾ ಇದೀನಿ."

ಅಣ್ಣ ಸರಿ ಎನ್ನಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ. "ಮಾತ್ರೆ ಬಿಡ್ಬೇಡ," ಎಂದು ಎದ್ದು ಹೊರಗೆ ಹೋದ. ತಮ್ಮ ನಮ್ಮ ಜೊತೆ ಬರಲಿಲ್ಲ. ಅವತ್ತು ಅವಳ ಅಪ್ಪ ಅಮ್ಮನ ಮನೆಯಲ್ಲಿ ಉಳಿದ. ಮಾಗುಂಡಿಯಿಂದ ಬೈಕನ್ನು ಅಣ್ಣನೇ ಓಡಿಸಿಕೊಂಡು ವಾಪಸು ತಂದ, ನಾನು ಜೀಪು ಓಡಿಸಿಕೊಂಡು ಹಿಂದೆ ಬಂದೆ. ತಿರುವುಗಳಲ್ಲಿ ಅವನು ಬೈಕನ್ನು ಎಷ್ಟು ನಿಧಾನ ಓಡಿಸುತ್ತಿದ್ದನೆಂದರೆ, ಬೇರೆ ಗಾಡಿಯವರು ಹಾರ್ನು ಹೊಡೆದು ಬೈದುಕೊಂಡು ಹೋದರು.

ಅದಾದ ಮೇಲಿನ ತಿಂಗಳುಗಳು ಸುಲಭದವಾಗಿರಲಿಲ್ಲ. ನೆಂಟರು ಒಬ್ಬೊಬ್ಬರಾಗಿ ಬಂದು, ಎಸ್ಟೇಟ್ ಮನೆಯವರು ಲೈನ್ ಮನೆಯ ಹೆಣ್ಣು ತರುವುದೇ ಎಂದು ಅಣ್ಣನ ಕಿವಿ ತುಂಬಿದರು. ಅಣ್ಣ ಅವರಿಗೆ ಉತ್ತರ ಕೊಡಲಿಲ್ಲ, ತಮ್ಮನ ಫೋನನ್ನೂ ಎತ್ತಲಿಲ್ಲ. ನಾನು ವಾರ ವಾರ ಹೋಗಿ ಎರಡೂ ಕಡೆಯ ಮಾತು ಹೊತ್ತು ತಿರುಗಿದೆ. ಅತ್ತಿಗೆ ಒಂದು ದಿನ ನನ್ನೆದುರೇ ಅಣ್ಣನಿಗೆ ಹೇಳಿದರು: "ನೀವು ಮದ್ವೆಗೆ ಬರ್ದಿದ್ರೆ ಬಿಡಿ, ನಾನು ಹೋಗ್ತೀನಿ. ಅವ್ನಿಗೆ ಅನ್ನ ಕಲಸಿ ಕೊಟ್ಟ ಕೈ ಇದು."

ಮದುವೆ ಚಿಕ್ಕಮಗಳೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅತ್ತಿಗೆ, ನಾನು, ಹುಡುಗಿಯ ಅಪ್ಪ ಅಮ್ಮ ಅಷ್ಟೇ. ಸಾಕ್ಷಿಗಳ ಸಹಿ ಹಾಕುವ ಹೊತ್ತಿಗೆ ಅಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಯಾರನ್ನೂ ನೋಡದೆ ಮೇಜಿನ ಹತ್ತಿರ ಬಂದು, "ಎಲ್ಲಿ ಹಾಕ್ಬೇಕು?" ಎಂದ. ತಮ್ಮ ಬೆರಳಿಟ್ಟು ತೋರಿಸಿದ. ಅಣ್ಣ ಸಹಿ ಹಾಕಿ, ಅವನ ಹೆಗಲ ಮೇಲೆ ಒಂದು ಸಲ ಕೈಯಿಟ್ಟು, ಊಟಕ್ಕೆ ನಿಲ್ಲದೆ ಹೋದ.

ಈಗ ತಮ್ಮನ ಅಂಗಡಿ ಕಳಸದಲ್ಲಿ, ಅವಳ ಮೆಡಿಕಲ್ ಶಾಪಿನ ಎರಡು ಬಾಗಿಲಾಚೆ. ಆ ಆಟವನ್ನು ನಾವು ಮತ್ತೆ ಆಡಲಿಲ್ಲ. ಅಣ್ಣ ಅಲ್ಲಿಗೆ ಹೋದರೆ ತಮ್ಮನ ಅಂಗಡಿಯಲ್ಲಿ ಕೂತು ಬರುತ್ತಿದ್ದ. ಅವಳನ್ನು ಕಂಡರೆ, "ಆರಾಮಾ?" ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ಹೋದ ತಿಂಗಳು ಅವಳು ಬಸುರಿ ಎಂದು ತಿಳಿದಾಗ ಅಣ್ಣ ನನಗೆ ಫೋನ್ ಮಾಡಿ, ಮಗುವಿಗೂ ಫಿಟ್ಸ್ ಬರುತ್ತಾ ಎಂದು ಕೇಳಿದ. ನಾನು ಕೆಮಿಸ್ಟ್ರಿಯವಳು, ನನಗೇನು ಗೊತ್ತು, ಡಾಕ್ಟರನ್ನು ಕೇಳಬೇಕು ಎಂದೆ. ಅವನೇ ಜೀಪು ತೆಗೆದುಕೊಂಡು ಕಳಸಕ್ಕೆ ಹೋಗಿ, ಇಬ್ಬರನ್ನೂ ಹತ್ತಿಸಿಕೊಂಡು ಮಂಗಳೂರಿನ ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದ. ನಾನೂ ಹೋಗಿದ್ದೆ. ಡಾಕ್ಟರು ಒಳ್ಳೆಯವರು, ನಿಧಾನವಾಗಿ ವಿವರಿಸಿದರು. ಬರಲೇಬೇಕೆಂದಿಲ್ಲ, ಬಂದರೂ ನೋಡಿಕೊಳ್ಳುವ ದಾರಿಗಳಿವೆ ಎಂದರು. ಅಣ್ಣ ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳಿದ.

ಹೊರಗೆ ಬಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ಅವನು ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

"ನೀನು ಹೆದರ್ಬೇಡಮ್ಮ."

"ನಾನು ಹೆದರಿಲ್ಲ ಅಣ್ಣ," ಎಂದಳು ಅವಳು. "ನೀವೇ ಬೆಳಗಿಂದ ಏನೂ ತಿಂದಿಲ್ಲ. ಊಟ ಮಾಡಿ."

ಅಣ್ಣ ತಮ್ಮನ ಕಡೆ ನೋಡಿದ. ತಮ್ಮ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದ. ಅಣ್ಣ ತಟ್ಟೆ ಹತ್ತಿರ ಎಳೆದುಕೊಂಡ.